ವರದಿಯಲ್ಲಿರುವ 'ಫಿಶ್' ಮೀನಲ್ಲ

ತಾಯಿಯ ವರದಿಯಲ್ಲಿ 'ಫಿಶ್ ಟೆಸ್ಟ್ ಮಾಡಿಸಿ' ಎಂದಿದೆ, ಚರ್ಮದ ಒಂದು ಕಾಯಿಲೆಯ ಹೆಸರಲ್ಲೂ ಮೀನು ಇದೆಯಂತೆ, ಇವಕ್ಕೆಲ್ಲ ಮೀನಿನ ಜೊತೆ ಏನು ಸಂಬಂಧ ಅಂತ ಕೇಳಿದ್ದೀರಿ. ಮೊದಲು ಗಾಬರಿ ಬಿಡಿ. ಫಿಶ್ ಟೆಸ್ಟಿಗೂ ಮೀನಿಗೂ ಸಂಬಂಧವೇ ಇಲ್ಲ. ನಮ್ಮಕ್ಕನಿಗೆ ಸ್ತನದ ಗಡ್ಡೆಯ ಬಯಾಪ್ಸಿ ಆದಮೇಲೆ ಇದನ್ನೇ ಬರೆದುಕೊಟ್ಟಿದ್ದರು. 'ಹಾಗಾದ್ರೆ ಮೀನು ತಿನ್ನೋದು ಬಿಡಬೇಕಾ?' ಅಂತ ಅಮ್ಮ ಕೇಳಿದ್ದರು. ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತಿದ್ದೇನೆ.

ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್. ಈ ನಾಲ್ಕು ಪದಗಳ ಮೊದಲ ಅಕ್ಷರಗಳನ್ನು ಸೇರಿಸಿದರೆ 'ಫಿಶ್' ಆಗುತ್ತದೆ, ಅಷ್ಟೇ. 'ಇನ್ ಸಿಟು' ಅಂದರೆ ಇದ್ದ ಜಾಗದಲ್ಲೇ. ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಣುಕೊಂದನ್ನು ಜೀವಕೋಶಗಳ ಮೇಲೆ ಬಿಡುತ್ತಾರೆ. ತನಗೆ ಸರಿಯಾಗಿ ಹೊಂದುವ ಜಾಗ ಕ್ರೋಮೋಸೋಮಿನಲ್ಲಿ, ಅಂದರೆ ಜೀವಕೋಶದೊಳಗೆ ಸುರುಳಿ ಸುತ್ತಿಕೊಂಡಿರುವ ಡಿಎನ್‌ಎ ಎಳೆಯಲ್ಲಿ, ಸಿಕ್ಕರೆ ಅದು ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಚುಕ್ಕೆಗಳನ್ನು ಎಣಿಸುತ್ತಾರೆ. ಅಕ್ಕನ ವಿಷಯದಲ್ಲಿ ನೋಡಿದ್ದು ಹರ್-2 ಅನ್ನುವ, ಜೀವಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಜೀನ್. ಅದು 17ನೇ ಕ್ರೋಮೋಸೋಮಿನಲ್ಲಿರುತ್ತದೆ, ಸಾಮಾನ್ಯ ಜೀವಕೋಶದಲ್ಲಿ 2 ಪ್ರತಿ ಇರುತ್ತದೆ. ಹರ್-2 ಪ್ರೋಟೀನ್ ಎಷ್ಟಿದೆ ಎಂದು ಬಣ್ಣ ಹಾಕಿ ನೋಡುವ ಮೊದಲ ಪರೀಕ್ಷೆ '2+' ಅಂತ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ಬಂದಾಗ, ಪ್ರತಿಗಳು ನಿಜವಾಗಿ ಹೆಚ್ಚಿವೆಯೇ ಎಂದು ತಿಳಿಯಲು ಫಿಶ್ ಮಾಡಿಸುತ್ತಾರೆ. ಹೆಚ್ಚಿದ್ದರೆ ಅದಕ್ಕೆಂದೇ ಇರುವ ಔಷಧಿ ಕೊಡಬಹುದು. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುತ್ತವೆ. ಅದನ್ನೂ ಹೀಗೇ ಹಿಡಿಯುತ್ತಾರೆ.

ಚರ್ಮದ ಕಾಯಿಲೆಯ ಕತೆ ಬೇರೆ. ಅದು ಇಕ್ಥಿಯೋಸಿಸ್. ಗ್ರೀಕ್‌ನಲ್ಲಿ 'ಇಕ್ಥಿಸ್' ಅಂದರೆ ಮೀನು. ಚರ್ಮ ಒಣಗಿ ಮೀನಿನ ಹುರುಪೆಯಂತೆ ಏಳುವುದರಿಂದ ಆ ಹೆಸರು. ಇಲ್ಲಿರುವುದು ಬರೀ ಹೋಲಿಕೆ. ಮೀನು ತಿಂದದ್ದಕ್ಕೆ ಬರುವ ಕಾಯಿಲೆ ಅಲ್ಲ, ಮುಟ್ಟಿದರೆ ಹರಡುವುದೂ ಇಲ್ಲ. ಹೆಚ್ಚಾಗಿ ಹುಟ್ಟಿನಿಂದಲೇ, ಜೀನಿನಲ್ಲಿನ ದೋಷದಿಂದ ಬರುತ್ತದೆ. ಇಂಥ ಮಕ್ಕಳನ್ನು ಬೇರೆಯವರು ದೂರ ಇಡುವುದನ್ನು ಕಂಡರೆ ನನಗೆ ತುಂಬಾ ನೋವಾಗುತ್ತದೆ.

ಹೋಲಿಕೆಯಿಂದ ಹುಟ್ಟಿದ ಇನ್ನೊಂದು ಪದ ನಮ್ಮ ಕನ್ನಡದಲ್ಲೇ ಇದೆ: ಮೀನಖಂಡ. ದಿನಾ ಹೇಳುತ್ತೇವೆ, ಆದರೆ ಒಳಗೆ ಮೀನಿದೆ ಅಂತ ಗಮನಿಸುವುದಿಲ್ಲ ಅಲ್ವಾ? ಖಂಡ ಅಂದರೆ ಮಾಂಸ. ಮೊಣಕಾಲಿನ ಕೆಳಗೆ ಹಿಂದುಗಡೆ ಉಬ್ಬಿ, ಹಿಮ್ಮಡಿ ಕಡೆ ಸಣ್ಣಗಾಗುತ್ತಾ ಹೋಗುವ ಆ ಭಾಗವನ್ನು ಒಮ್ಮೆ ಮುಟ್ಟಿ ನೋಡಿ, ಮೀನಿನ ಮೈಯೇ ನೆನಪಾಗುತ್ತದೆ. ಇಂಗ್ಲಿಷಿನ 'ಮಸಲ್' ಪದದ ಬೇರಿಗೆ ಲ್ಯಾಟಿನ್‌ನಲ್ಲಿ 'ಪುಟ್ಟ ಇಲಿ' ಅಂತ ಅರ್ಥ. ಚರ್ಮದಡಿ ಆಡುವ ಮಾಂಸದಲ್ಲಿ ಅವರಿಗೆ ಇಲಿ ಕಂಡಿತು, ನಮಗೆ ಮೀನು. ನನಗಂತೂ ನಮ್ಮ ಪದವೇ ಇಷ್ಟ.

ವೈದ್ಯರ ವರದಿಯಲ್ಲಿ 'ಫಿಶರ್' ಅಂತ ಬರೆದಿದ್ದರೆ ಅಲ್ಲೂ ಮೀನಿಲ್ಲ. ಅದು ಬಿರುಕು, ಸೀಳು. ಒಂದು ಘಟನೆ ನಿಗದಿತ ಸಮಯದಲ್ಲಿ ಎಷ್ಟು ಸಲ ನಡೆಯಬಹುದು ಎಂದು ಲೆಕ್ಕ ಹಾಕುವ ಗಣಿತದ 'ಪಾಯ್ಸನ್ ಹಂಚಿಕೆ'ಯೂ ಹಾಗೇ. ಫ್ರೆಂಚ್‌ನಲ್ಲಿ ಆ ಪದಕ್ಕೆ ಮೀನು ಅಂತಲೇ ಅರ್ಥ, ಆದರೆ ಇಲ್ಲಿ ಅದು 1781ರಲ್ಲಿ ಹುಟ್ಟಿದ ಗಣಿತಜ್ಞ ಸಿಮಿಯೋನ್ ಡೆನಿ ಪಾಯ್ಸನ್ ಅವರ ಹೆಸರು.

ಇನ್ನು ಹೆಸರಲ್ಲಿ ಮೀನಿದ್ದೂ ಮೀನಲ್ಲದ ಜೀವಿಗಳು: ನಕ್ಷತ್ರಮೀನಿಗೆ ಬೆನ್ನೆಲುಬೇ ಇಲ್ಲ. ಇಂಗ್ಲಿಷಿನ 'ಶೆಲ್‌ಫಿಶ್' ಅಂದರೆ ಸಿಗಡಿ, ಏಡಿ, ಚಿಪ್ಪಿನ ಜೀವಿಗಳು. ಇದನ್ನು ಸುಮ್ನೆ ಪದದ ಕುತೂಹಲ ಅಂದುಕೊಳ್ಳಬೇಡಿ. ಮೀನಿನ ಅಲರ್ಜಿಗೆ ಸಾಮಾನ್ಯವಾಗಿ ಕಾರಣವಾಗುವ ಪ್ರೋಟೀನ್ ಬೇರೆ, ಸಿಗಡಿಯದು ಬೇರೆ. ಒಂದು ಆಗದವರಿಗೆ ಇನ್ನೊಂದು ಆಗಬಹುದು. ವೈದ್ಯರ ಹತ್ತಿರ 'ಫಿಶ್ ಅಲರ್ಜಿ' ಎನ್ನುವ ಬದಲು ಏನು ತಿಂದಾಗ ಏನಾಯಿತು ಅಂತ ಬಿಡಿಸಿ ಹೇಳಿ.

ತಾಯಿಯ ಫಿಶ್ ವರದಿ ಬಂದಾಗ 'ಪಾಸಿಟಿವ್' ಎಂದಿದ್ದರೆ ಅಷ್ಟಕ್ಕೇ ಎದೆಗುಂದಬೇಡಿ. ಯಾವ ಜೀನ್ ನೋಡಿದ್ದಾರೆ, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಇವೆರಡನ್ನು ಕೇಳಿ ಬರೆದುಕೊಳ್ಳಿ.