ಯುಕೆ ಕಾರ್ ಫೈನಾನ್ಸ್ ಕಮಿಷನ್: ಆ ಲಿಂಕ್‌ಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಸರ್, ಮೊದಲು ಒಂದು ಮಾತು. ಆ ಕ್ಲೇಮ್ ಕಂಪನಿಯವರು (ಪಾಲು ತಗೊಂಡು ನಿಮ್ಮ ಪರವಾಗಿ ಪರಿಹಾರ ಕೇಳುವವರು) ಕಳಿಸಿರುವ ಲಿಂಕ್‌ನಲ್ಲಿ ಇವತ್ತೇ ಸಹಿ ಹಾಕಬೇಡಿ. ನಾಲ್ಕು ದಿನ ತಡವಾದರೆ ಏನೂ ಮುಳುಗಿ ಹೋಗುವುದಿಲ್ಲ.

ನಿಮ್ಮ ಪ್ರಶ್ನೆ ಮೇಲೆ ಎಲ್ಲೋ ಹೋಗಿಬಿಟ್ಟಿದೆ, ಹೊಸದಾಗಿ ಓದುವವರಿಗೆ ಇಲ್ಲಿ ಹೇಳಿಬಿಡುತ್ತೇನೆ. ಇವರು 2017ರಲ್ಲಿ ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದಾಗ ಡೀಲರ್ ಹತ್ತಿರ ಪಿಸಿಪಿ (ತಿಂಗಳ ಕಂತು ಕಟ್ಟಿ, ಕೊನೆಗೆ ದೊಡ್ಡ ಮೊತ್ತ ಕೊಟ್ಟರೆ ಕಾರು ನಮ್ಮದಾಗುವ ಸಾಲ) ಮೇಲೆ ಸೆಕೆಂಡ್ ಹ್ಯಾಂಡ್ ಗಾಲ್ಫ್ ಕಾರು ತಗೊಂಡರು. 2021ರಲ್ಲಿ ಕಟ್ಟಿ ಮುಗಿಸಿದರು. ಈಗ ಮೈಸೂರಿನಲ್ಲಿದ್ದಾರೆ, ಪೇಪರ್ ಒಂದೂ ಕೈಯಲ್ಲಿಲ್ಲ. ಆ ಸಾಲದಲ್ಲಿ ಡೀಲರ್ ಗುಟ್ಟಾಗಿ ಪಡೆದ ಕಮಿಷನ್‌ಗೆ ಪರಿಹಾರವಾಗಿ ‘ನಿಮಗೆ ನಾಲ್ಕು ಸಾವಿರ ಪೌಂಡ್ ಬರುತ್ತೆ’ ಅಂತ ಕ್ಲೇಮ್ ಕಂಪನಿಯಿಂದ ಫೋನ್ ಮೇಲೆ ಫೋನ್. ಇದು ನಿಜವಾ, ಮಾಡಬೇಕಾ, ಇಲ್ಲಿಂದಲೇ ಮಾಡಬಹುದಾ ಅನ್ನುವುದು ಪ್ರಶ್ನೆ.

ವಿಷಯ ನಿಜ. ನಾಲ್ಕು ಸಾವಿರ ಮಾತ್ರ ಮೂಗಿಗೆ ತುಪ್ಪ ಸವರುವ ಮಾತು. ಮೈಸೂರಿನಿಂದಲೇ ಮಾಡಬಹುದು, ಒಂದು ಪೈಸೆ ಖರ್ಚಿಲ್ಲದೆ.

ನಡೆದದ್ದು ಹೀಗೆ. ಸಾಲ ಕೊಡುವ ಕಂಪನಿ ಒಂದು ಕನಿಷ್ಠ ಬಡ್ಡಿ ದರ ಇಟ್ಟಿರುತ್ತಿತ್ತು, ಉದಾಹರಣೆಗೆ ಶೇ 5 ಅಂತಿಟ್ಟುಕೊಳ್ಳಿ. ಅದರ ಮೇಲೆ ಎಷ್ಟು ಏರಿಸಬೇಕು ಅನ್ನುವುದು ಡೀಲರ್ ಕೈಯಲ್ಲಿ. ಅವನು ನಿಮಗೆ ಶೇ 9 ಹಾಕಿದರೆ, ಆ ನಡುವಿನ ನಾಲ್ಕರಲ್ಲಿ ಅವನಿಗೆ ಪಾಲು. ಬಡ್ಡಿ ಏರಿದಷ್ಟೂ ಅವನ ಕಮಿಷನ್ ಏರುತ್ತೆ. ಇದಕ್ಕೆ ‘ಡಿಸ್ಕ್ರೀಷನರಿ ಕಮಿಷನ್’ ಅನ್ನುತ್ತಾರೆ, ಪತ್ರಗಳಲ್ಲಿ ಡಿಸಿಎ ಅಂತ ಬರುತ್ತೆ. ಅಲ್ಲಿನ ಹಣಕಾಸು ನಿಯಂತ್ರಕ ಎಫ್‌ಸಿಎ 2019ರಲ್ಲಿ ಲೆಕ್ಕ ಹಾಕಿತ್ತು: 10,000 ಪೌಂಡ್ ಸಾಲ, ನಾಲ್ಕು ವರ್ಷ ಅಂದರೆ, ಇಂಥ ವ್ಯವಸ್ಥೆಯಲ್ಲಿ ಗ್ರಾಹಕ ಸುಮಾರು 1,100 ಪೌಂಡ್ ಜಾಸ್ತಿ ಬಡ್ಡಿ ಕಟ್ಟುವ ಸಾಧ್ಯತೆ ಇದೆ ಅಂತ. 2021ರ ಜನವರಿ 28ರಿಂದ ಇದನ್ನು ನಿಷೇಧಿಸಿದರು. ನಿಮ್ಮ ಕಾರು 2017ರದ್ದು, ಹಾಗಾಗಿ ನೀವು ವಿಚಾರಿಸಲೇಬೇಕಾದ ಸಾಲಿನಲ್ಲಿದ್ದೀರಿ.

ನಮ್ಮವರು ಹೇಗೆ ಅಂದರೆ, ಕಾರಿನ ಬೆಲೆಯಲ್ಲಿ ನೂರು ಪೌಂಡ್ ಬಿಡಿ, ಮ್ಯಾಟ್ ಕೊಡಿ, ಟ್ಯಾಂಕ್ ತುಂಬಿಸಿ ಕೊಡಿ ಅಂತ ಒಂದು ಗಂಟೆ ಚೌಕಾಸಿ ಮಾಡುತ್ತೇವೆ. ಎಪಿಆರ್, ಅಂದರೆ ಸಾಲದ ವಾರ್ಷಿಕ ದರದ ಮಾತು ಬಂದಾಗ ‘ತಿಂಗಳಿಗೆ ಎಷ್ಟಾಗುತ್ತೆ’ ಅಂತ ಕೇಳಿ ಸಹಿ ಹಾಕುತ್ತೇವೆ. ಡೀಲರ್‌ಗೂ ಅದೇ ಬೇಕಾಗಿದ್ದು, ಅಲ್ವಾ?

ನನ್ನದೇ 2018ರ ಅಗ್ರಿಮೆಂಟ್ ತೆಗೆದು ನೋಡಿದೆ. ಮೊದಲ ಪುಟಗಳಲ್ಲೇ ‘ಕ್ರೆಡಿಟ್ ಇಂಟರ್‌ಮೀಡಿಯರಿ’ (ಸಾಲದ ಮಧ್ಯವರ್ತಿ) ಅಂತ ಒಂದು ಚೌಕ, ಅದರಲ್ಲಿ ಡೀಲರ್ ಹೆಸರು, ವಿಳಾಸ. ಕೊನೆಯ ಪುಟದಲ್ಲಿ, ಷರತ್ತುಗಳ ಮಧ್ಯೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಡೀಲರ್‌ಗೆ ಕಮಿಷನ್ ಕೊಡಬಹುದು ಅಂತ ಅರ್ಧ ಸಾಲು. ಎಷ್ಟು, ಹೇಗೆ ಲೆಕ್ಕ, ಎಲ್ಲೂ ಇಲ್ಲ. ನಿಮಗೆ ಪೇಪರ್ ಸಿಕ್ಕರೆ ಈ ಎರಡು ಜಾಗ ಮೊದಲು ನೋಡಿ.

ಈಗ ಕೋರ್ಟ್ ವಿಷಯ. ಆ ನಾಲ್ಕು ಸಾವಿರದ ಆಸೆ ಹುಟ್ಟಿದ್ದೇ ಅಲ್ಲಿ. 2024ರ ಅಕ್ಟೋಬರ್ 25ರಂದು ಅಲ್ಲಿನ ಕೋರ್ಟ್ ಆಫ್ ಅಪೀಲ್ (ಮೇಲ್ಮನವಿ ನ್ಯಾಯಾಲಯ) ಗ್ರಾಹಕರ ಪರ ದೊಡ್ಡ ತೀರ್ಪು ಕೊಟ್ಟಿತು. ಗ್ರಾಹಕ ತಿಳಿದು ಒಪ್ಪದೆ ಡೀಲರ್ ಕಮಿಷನ್ ತಗೊಂಡರೆ ಅದು ತಪ್ಪು, ಯಾವ ಬಗೆಯ ಕಮಿಷನ್ ಆದರೂ ತಪ್ಪೇ ಅನ್ನುವ ಹಾಗಿತ್ತು. ಎಲ್ಲರಿಗೂ ಪೂರ್ತಿ ಕಮಿಷನ್ ವಾಪಸ್ ಅಂತ ಜಾಹೀರಾತು ಶುರುವಾಯಿತು. ಆಮೇಲೆ 2025ರ ಆಗಸ್ಟ್ 1ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅದರ ಬಹುಭಾಗವನ್ನು ತಿರುಗಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಆಗ ಬಹಳ ಜನ ಬೇಜಾರು ಮಾಡಿಕೊಂಡರು. ಡೀಲರ್ ತನ್ನ ಕಾರು ಮಾರಲು ನಿಂತವನು, ನಿಮ್ಮ ಹಿತ ಕಾಯುವ ಪ್ರತಿನಿಧಿ ಅಲ್ಲ, ಹಾಗಾಗಿ ಅವನು ಪಡೆದದ್ದನ್ನು ಲಂಚ ಅನ್ನುವುದಕ್ಕಾಗದು ಅಂತ ಕೋರ್ಟ್ ಹೇಳಿತು. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಎಪಿಎಂಸಿಯಲ್ಲಿ ದಲ್ಲಾಳಿ ಕಮಿಷನ್ ತಗೊಳ್ಳುತ್ತಾನೆ ಅಂತ ರೈತನಿಗೆ ಗೊತ್ತಿರುತ್ತೆ, ಎಷ್ಟು ಅಂತಲೂ ಗೊತ್ತಿರುತ್ತೆ. ಇಲ್ಲಿ ಎರಡೂ ಗೊತ್ತಿರಲಿಲ್ಲ. ಇರಲಿ, ಕಾನೂನು ಈಗ ಅದೇ.

ಆದರೆ ಅದೇ ತೀರ್ಪಿನಲ್ಲಿ ಒಬ್ಬರು ಗೆದ್ದರು, ಜಾನ್ಸನ್ ಅಂತ. 2017ರಲ್ಲಿ 6,499 ಪೌಂಡ್‌ಗೆ ಸುಜುಕಿ ಸ್ವಿಫ್ಟ್ ತಗೊಂಡವರು. ಹೌದು, ನಮ್ಮೂರಲ್ಲಿ ಗಲ್ಲಿಗೊಂದು ಇರುವ ಸ್ವಿಫ್ಟೇ. ಆ ಒಂದು ವ್ಯವಹಾರದಲ್ಲಿ ಡೀಲರ್‌ಗೆ ಹೋದ ಕಮಿಷನ್ 1,650.95 ಪೌಂಡ್. ಸಾಲದ ಮೊತ್ತದ ಕಾಲು ಭಾಗ, ಸಾಲಕ್ಕಾಗಿ ಅವರು ತೆರಬೇಕಿದ್ದ ಬಡ್ಡಿ ಮತ್ತು ಶುಲ್ಕದ ಶೇ 55! ಮೇಲಾಗಿ ಡೀಲರ್‌ಗೂ ಆ ಸಾಲದ ಕಂಪನಿಗೂ ಒಳ ಒಪ್ಪಂದವಿತ್ತು, ಮೊದಲ ಅವಕಾಶ ಅವರಿಗೇ ಅಂತ. ಅದನ್ನೂ ಹೇಳಿರಲಿಲ್ಲ. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ 140ಎ ಸೆಕ್ಷನ್ ಪ್ರಕಾರ ಇದು ಸಾಲ ಕೊಟ್ಟವರು ಮತ್ತು ಪಡೆದವರ ನಡುವಿನ ಅನ್ಯಾಯದ ಸಂಬಂಧ ಅಂತ ಕೋರ್ಟ್ ತೀರ್ಮಾನಿಸಿ, ಕಮಿಷನ್ ಮೊತ್ತವನ್ನು ಬಡ್ಡಿ ಸಮೇತ ಕೊಡಿಸಿತು. ಅವರು ಪೇಪರ್ ಸರಿಯಾಗಿ ಓದಿರಲಿಲ್ಲ, ಆದರೂ ಗೆದ್ದರು. ‘ಓದದೆ ಸಹಿ ಹಾಕಿದ್ದು ನನ್ನದೇ ತಪ್ಪಲ್ವಾ’ ಅಂತ ಸುಮ್ನೆ ಕೂತಿರುವವರು ಇದನ್ನು ಗಮನಿಸಿ.

ಹಾಗಾಗಿ ಈಗ ಮುಖ್ಯವಾಗಿ ಮೂರು ಪ್ರಶ್ನೆ: ಬಡ್ಡಿ ಏರಿಸುವ ಅಧಿಕಾರ ಡೀಲರ್‌ಗೆ ಇತ್ತಾ? ಕಮಿಷನ್ ವಿಪರೀತ ಇತ್ತಾ? ಡೀಲರ್‌ಗೂ ಸಾಲದ ಕಂಪನಿಗೂ ಮುಚ್ಚಿಟ್ಟ ಒಪ್ಪಂದ ಇತ್ತಾ? ಎಫ್‌ಸಿಎ 2025ರ ಅಕ್ಟೋಬರ್ 7ರಂದು ಪರಿಹಾರ ಯೋಜನೆಯ ಕರಡು ಮುಂದಿಟ್ಟಾಗ ಇವೇ ಮೂರರ ಮೇಲೆ ನಿಂತಿತ್ತು. 2007ರ ಏಪ್ರಿಲ್ 6ರಿಂದ 2024ರ ನವೆಂಬರ್ 1ರವರೆಗಿನ ಅಗ್ರಿಮೆಂಟ್‌ಗಳು ಅದರ ವ್ಯಾಪ್ತಿ. ಸರಾಸರಿ ಪರಿಹಾರ ಒಂದು ಅಗ್ರಿಮೆಂಟ್‌ಗೆ ಸುಮಾರು 700 ಪೌಂಡ್ ಅಂತ ಆಗ ಅವರದೇ ಅಂದಾಜಿತ್ತು. ನಾಲ್ಕು ಸಾವಿರ ಎಲ್ಲಿ, ಏಳುನೂರು ಎಲ್ಲಿ! ಕಡೆಯ ನಿಯಮ, ಗಡುವುಗಳನ್ನು ಮಾತ್ರ ಎಫ್‌ಸಿಎ ಪುಟದಲ್ಲೇ ನೋಡಿ. ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ, ನನ್ನ ಈ ಪೋಸ್ಟ್ ಕೂಡ ಆರು ತಿಂಗಳ ನಂತರ ಹಳತಾಗಿರುತ್ತೆ.

ಕ್ಲೇಮ್ ಕಂಪನಿಯ ಫೀಸ್ ಲೆಕ್ಕ ನೋಡಿ. 1,500 ಪೌಂಡ್‌ಗಿಂತ ಕಡಿಮೆ ಪರಿಹಾರ ಬಂದರೆ ಅವರು ಶೇ 30ರವರೆಗೆ ತಗೊಳ್ಳಬಹುದು, ಮೇಲ್ಮಿತಿ 420 ಪೌಂಡ್. 700 ಬಂದರೆ 210 ಅವರಿಗೆ. ಅರ್ಧ ಪುಟದ ಪತ್ರಕ್ಕೆ! ಈಗಾಗಲೇ ಯಾರಾದರೂ ಸಹಿ ಹಾಕಿದ್ದರೆ, 14 ದಿನದೊಳಗೆ ರದ್ದು ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಆಮೇಲೆ ಬಿಟ್ಟರೆ, ಮಾಡಿದ ಕೆಲಸಕ್ಕೆ ಅಂತ ಬಿಲ್ ಬರಬಹುದು. ಒಂದೇ ಕಾರಿಗೆ ಇಬ್ಬರ ಹತ್ತಿರ ಸಹಿ ಹಾಕಿದವರೂ ಇದ್ದಾರೆ, ಅವರ ಪಾಡು ಬೇಡ. ಇನ್ನು ‘ನಿಮ್ಮ ದುಡ್ಡು ರೆಡಿ ಇದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ಅದು ಶುದ್ಧ ಮೋಸ. ಮಾತಾಡದೆ ಫೋನ್ ಇಟ್ಟುಬಿಡಿ.

ನಿಮ್ಮ ಮೊದಲ ಕೆಲಸ, ಸಾಲ ಕೊಟ್ಟ ಕಂಪನಿ ಯಾವುದು ಅಂತ ಪತ್ತೆ ಮಾಡುವುದು. ಡೀಲರ್ ಹೆಸರು ನೆನಪಿರುತ್ತೆ, ಸಾಲದ ಕಂಪನಿ ಮರೆತಿರುತ್ತೆ. ವಿ5ಸಿ ಲಾಗ್‌ಬುಕ್‌ನಲ್ಲಿ (ನಮ್ಮ ಆರ್‌ಸಿ ಥರದ ನೋಂದಣಿ ಪತ್ರ) ಹುಡುಕಬೇಡಿ, ಅದರಲ್ಲಿ ಇರುವುದಿಲ್ಲ. ಜನರ ಸಾಲದ ದಾಖಲೆ ಇಡುವ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂವರೂ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಕೊಡಬೇಕು. ಮುಗಿದ ಸಾಲ ಅದರಲ್ಲಿ ಆರು ವರ್ಷ ಉಳಿಯುತ್ತೆ. ನೀವು 2021ರಲ್ಲಿ ಮುಗಿಸಿದ್ದು, ಅಂದರೆ 2027ರಲ್ಲಿ ಅಳಿಸಿ ಹೋಗುತ್ತೆ. ಇದೊಂದನ್ನು ಮುಂದೂಡಬೇಡಿ, ಡೌನ್‌ಲೋಡ್ ಮಾಡಿ ಪಿಡಿಎಫ್ ಇಟ್ಟುಕೊಳ್ಳಿ. ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಡೈರೆಕ್ಟ್ ಡೆಬಿಟ್ ಸಾಲಿನಲ್ಲೂ ಹೆಸರು ಸಿಗುತ್ತೆ.

ಹೆಸರು ಸಿಕ್ಕ ಮೇಲೆ ಅವರಿಗೇ ಇಮೇಲ್ ಹಾಕಿ, ಡೀಲರ್‌ಗೆ ಬೇಡ. ಅಗ್ರಿಮೆಂಟ್ ಪ್ರತಿ ಬೇಕಿದ್ದರೆ ‘ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್’ (ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿ ಕೊಡಿ ಅನ್ನುವ ಮನವಿ) ಅಂತ ಕೇಳಿ. ಅದೂ ಉಚಿತ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ದೂರಿನ ಪತ್ರದಲ್ಲಿ ಹೆಸರು, ಜನ್ಮ ದಿನಾಂಕ, ಕಾರಿನ ರಿಜಿಸ್ಟ್ರೇಷನ್ ನಂಬರ್, ಡೀಲರ್ ಹೆಸರು, ತಗೊಂಡ ತಿಂಗಳು ಇರಲಿ. ಮೇಲೆ ಹೇಳಿದ ಮೂರು ಪ್ರಶ್ನೆ ಕೇಳಿ, ಇದನ್ನು ದೂರು ಅಂತ ದಾಖಲಿಸಿ ಅಂತ ಬರೆಯಿರಿ. ಸೆಕ್ಷನ್, ಕೇಸ್ ಹೆಸರು ತುರುಕಬೇಕಿಲ್ಲ. ನನಗೆ ಬಂದ ಉತ್ತರದಲ್ಲಿ ಡಿಸ್ಕ್ರೀಷನರಿ ಕಮಿಷನ್ ಇತ್ತು ಅಂತ ಅವರೇ ಒಪ್ಪಿಕೊಂಡಿದ್ದರು, ನಾನು ಬರೆದದ್ದು ಎಂಟು ಸಾಲು. ಉತ್ತರ ಸಮಾಧಾನ ತರದಿದ್ದರೆ ಇಂಥ ದೂರು ವಿಚಾರಿಸಿ ತೀರ್ಮಾನ ಕೊಡುವ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲೂ ಫೀಸ್ ಇಲ್ಲ. ಗಡುವು ಕಂಪನಿಯ ಪತ್ರದಲ್ಲೇ ಇರುತ್ತೆ. ಜಾನ್ಸನ್ ಅವರ ಹಾಗೆ ಕಮಿಷನ್ ಸಾವಿರಗಟ್ಟಲೆ ಅಂತ ಗೊತ್ತಾದರೆ ಮಾತ್ರ ಸಾಲಿಸಿಟರ್, ಅಂದರೆ ಅಲ್ಲಿನ ವಕೀಲರ ಯೋಚನೆ ಮಾಡಿ, ಅದಕ್ಕೆ ಮೊದಲು ಬೇಡ.

ವಾಪಸ್ ಬಂದವರಿಗೆ ಎರಡು ತೊಡಕು ಇವೆ. ಒಂದು, ಹೆಸರು. ನಮ್ಮ ಇನಿಷಿಯಲ್‌ಗಳು ಅಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತೆ, ಅಗ್ರಿಮೆಂಟ್‌ನಲ್ಲಿ ಊರಿನ ಹೆಸರು. ಅಗ್ರಿಮೆಂಟ್‌ನಲ್ಲಿ ಇರುವ ಹಾಗೇ ಬರೆದು, ಈಗಿನ ಹೆಸರನ್ನು ಪಕ್ಕದಲ್ಲಿ ಹಾಕಿ. ಆಗಿನ ಎಲ್ಲ ವಿಳಾಸಗಳನ್ನೂ ಪೋಸ್ಟ್‌ಕೋಡ್ ಸಮೇತ ಕೊಡಿ, ರೀಡಿಂಗ್‌ನಲ್ಲೇ ಎರಡು ಮನೆ ಬದಲಿಸಿದ್ದರೆ ಎರಡನ್ನೂ. ಇನ್ನೊಂದು, ಅಲ್ಲಿನ ಬ್ಯಾಂಕ್ ಖಾತೆ. ಇನ್ನೂ ಇದ್ದರೆ ಮುಚ್ಚಬೇಡಿ, ದುಡ್ಡು ಬರುವಾಗ ತಲೆನೋವು ಕಡಿಮೆ. ಪರಿಹಾರದ ಬಡ್ಡಿ ಭಾಗಕ್ಕೆ ತೆರಿಗೆ ಇರುತ್ತೆ, ಅವರು ಕೊಡುವ ವಿವರದ ಪತ್ರ ತೆಗೆದಿಟ್ಟು ಇಲ್ಲಿನ ಆಡಿಟರ್‌ಗೂ ತೋರಿಸಿ.

ಲೀಸ್ ಕಾರು, ಬೆಂಗಳೂರಿನ ಕಾರ್ ಲೋನ್ ಬಗ್ಗೆ ಕೆಳಗೆ ಇಬ್ಬರು ಕೇಳಿದ್ದಕ್ಕೆ: ಬರೀ ಲೀಸ್, ಅಂದರೆ ಬಾಡಿಗೆ ಕಟ್ಟಿ ಕೊನೆಗೆ ಕಾರು ವಾಪಸ್ ಕೊಡುವ ಪಿಸಿಎಚ್ ಆಗಿದ್ದರೆ ಇದರಲ್ಲಿ ಬರುವುದಿಲ್ಲ. ಪಿಸಿಪಿ, ಎಚ್‌ಪಿ (ಹೈರ್ ಪರ್ಚೇಸ್, ಕಂತಿನ ಖರೀದಿ) ಬರುತ್ತವೆ. ಬೆಂಗಳೂರಿನಲ್ಲಿ ತಗೊಂಡ ಕಾರ್ ಲೋನ್‌ಗೆ ಈ ಪರಿಹಾರ ಇಲ್ಲ, ಇದು ಯುಕೆ ಕಾನೂನು.

ಸರ್, ಪತ್ರ ಬರೆದಾದ ಮೇಲೆ ಹೆಸರು, ಅಗ್ರಿಮೆಂಟ್ ನಂಬರ್ ಮರೆಮಾಡಿ ಇಲ್ಲೇ ಹಾಕಿ. ಶನಿವಾರ ಕೂತು ನೋಡಿ ಹೇಳುತ್ತೇನೆ.