ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ

ಪ್ರಶ್ನೆ: ಹರಿಹರದಲ್ಲಿದ್ದೇವೆ. ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. ದೀಪಾವಳಿ ಆದಮೇಲೆ ಊಟ ಕಡಿಮೆ ಮಾಡುತ್ತಾ ಬಂದು 11 ಕೆ.ಜಿ. ಇಳಿದಿದ್ದಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಮಧ್ಯಾಹ್ನದ ಬಿಸಿಲಲ್ಲೂ ಸ್ವೆಟರ್ ತೆಗೆಯುವುದಿಲ್ಲ. ಬಡಿಸಿದ ಚಪಾತಿ ಪೇಪರಿನಲ್ಲಿ ಸುತ್ತಿ ಸ್ಕೂಲ್ ಬ್ಯಾಗಿನಲ್ಲಿಟ್ಟಿದ್ದು ಮೊನ್ನೆ ಸಿಕ್ಕಿತು. ನೆಂಟರು ‘ಸಣ್ಣಗಾಗಿ ಚೆನ್ನಾಗಿ ಕಾಣ್ತೀಯ’ ಅಂತಾರೆ. ಮನೆಯವರು ‘ಪರೀಕ್ಷೆ ಮುಗೀಲಿ, ತಾನಾಗೇ ತಿಂತಾಳೆ’ ಅಂತಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸುರಿಯಲು ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ನಾಳೆಯೇ ಹೊರಡಿ. ಆ ಸ್ವೆಟರ್ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಊಟ ಸಿಗದ ದೇಹ ಇದ್ದಷ್ಟನ್ನೇ ಉಳಿಸಿಕೊಳ್ಳಲು ನೋಡುತ್ತದೆ. ಮುಟ್ಟು ನಿಲ್ಲುತ್ತದೆ, ಮೈ ತಣ್ಣಗಾಗುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಇದು ಹಟವಲ್ಲ. ದಪ್ಪಗಾಗುವ ಭಯದಿಂದ ಊಟ ಬಿಡಿಸುವ ಅನೊರೆಕ್ಸಿಯಾ ಎಂಬ ಮನಸ್ಸಿನ ಕಾಯಿಲೆ ಇರಬಹುದು. ಬೇರೆ ಕಾರಣವೂ ಇರಬಹುದು, ಅದನ್ನು ವೈದ್ಯರೇ ನೋಡಿ ಹೇಳಬೇಕು.

ಮೊದಲು ಸರ್ಕಾರಿ ಆಸ್ಪತ್ರೆ. ಎಷ್ಟು ತಿಂಗಳಲ್ಲಿ ಎಷ್ಟು ತೂಕ ಇಳಿದಿದೆ, ಮುಟ್ಟು ಯಾವಾಗ ನಿಂತಿತು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಡಿ, ಬಿಪಿ, ಇಸಿಜಿ, ರಕ್ತದಲ್ಲಿ ಪೊಟ್ಯಾಶಿಯಂ ಮತ್ತು ಫಾಸ್ಫೇಟ್ ನೋಡಿ ಎಂದು ಕೇಳಿ. ಸುಮ್ನೆ ಟಾನಿಕ್ ಬರೆದುಕೊಟ್ಟರೆ ಎದ್ದು ಬರಬೇಡಿ. ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ, ತಲೆ ಸುತ್ತಿ ಬಿದ್ದರೆ ಅವತ್ತೇ ಅಡ್ಮಿಟ್ ಆಗಬೇಕು.

ದುಡ್ಡಿನ ಚಿಂತೆ ನಿಮ್ಮನ್ನು ತಡೆಯಬಾರದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ. ಮುಂದೆ ಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಬೆಂಗಳೂರಿಗಿಂತ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಬೇರೆಯೇ ವಿಭಾಗ ಇದೆ. ಎರಡೂ ಸರ್ಕಾರದ್ದು. ಬಿಪಿಎಲ್ ಕಾರ್ಡ್ ಇದ್ದರೆ ಒಯ್ಯಿರಿ. ಮನೆಯವರಿಗೆ ಆರೋಗ್ಯ ವಿಮೆ ಇದೆಯಾ? 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯ ಹಾಗೆಯೇ ನೋಡಬೇಕು.

ಇನ್ನು ಮನೆಯ ಮಾತು. ಈ ವಯಸ್ಸಿನವರಿಗೆ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆಯಲ್ಲಿ ಊಟ ಮಾಡಿಸುವ ಹೊಣೆ ಅಪ್ಪ ಅಮ್ಮನದೇ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಶುರುವಾದ ಕ್ರಮ ಅದು. ಕಾಯಿಲೆ ಹೊಸದಾಗಿದ್ದಾಗ ಫಲ ಜಾಸ್ತಿ. ಎಷ್ಟರಿಂದ ಶುರು ಮಾಡಬೇಕು ಎಂದು ವೈದ್ಯರನ್ನು ಕೇಳಿ. ತುಂಬಾ ದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ತುರುಕುವುದೂ ಅಪಾಯ. ಆಮೇಲೆ ನೀವೇ ಬಡಿಸಿ, ಪಕ್ಕದಲ್ಲೇ ಕೂತು ನೀವೂ ತಿನ್ನಿ. ಅವಳು ಮುದ್ದೆಯನ್ನು ಚೂರು ಚೂರು ಮಾಡಿ ಸಾರಿನಲ್ಲಿ ಮುಳುಗಿಸುತ್ತಾ ಅರ್ಧ ಗಂಟೆ ಕೂರಬಹುದು. ‘ನಿಂಗೆ ಭಯ ಆಗ್ತಿದೆ, ಗೊತ್ತು. ನಾನಿಲ್ಲೇ ಇರ್ತೀನಿ, ಇನ್ನೊಂದು ತುತ್ತು’ ಅನ್ನಿ. ತೂಕದ ಮಾತು, ಚೌಕಾಸಿ ಎರಡೂ ಬೇಡ. ಊಟವಾದ ಮೇಲೂ ಸ್ವಲ್ಪ ಹೊತ್ತು ಜೊತೆಗಿರಿ. ತಟ್ಟೆ ತಳ್ಳಿದರೆ, ಬೈದರೆ, ಅದು ಕಾಯಿಲೆಯ ಬಾಯಿ, ನಿಮ್ಮ ಮಗಳದಲ್ಲ. ಚಪಾತಿ ಬಚ್ಚಿಟ್ಟಿದ್ದಕ್ಕೂ ಬೈಯಬೇಡಿ. ಹೆದರಿಕೆ ಇದ್ದವರೇ ಅಲ್ವಾ ಬಚ್ಚಿಡುವುದು?

ನೆಂಟರಿಗೆ ಮಾತ್ರ ನೇರವಾಗಿ ಹೇಳಿ: ಅವಳ ಮೈ ಬಗ್ಗೆ ಒಂದು ಮಾತೂ ಆಡಬೇಡಿ ಅಂತ. ಎಸ್ಸೆಸ್ಸೆಲ್ಸಿ ‘ಪರೀಕ್ಷೆ-1’ ತಪ್ಪಿದರೆ ‘ಪರೀಕ್ಷೆ-2’ ಇದೆ.

ನಾಳೆ ಆಸ್ಪತ್ರೆಗೆ ಮನೆಯವರನ್ನೂ ಕರೆದುಕೊಂಡು ಹೋಗಿ. ಮಗಳ ನಾಡಿ ಎಷ್ಟಿದೆ ಎಂದು ವೈದ್ಯರು ಹೇಳುವಾಗ ಅವರೂ ಅಲ್ಲಿರಲಿ.