ಓಡುವಾಗ ಮಂಡಿಯ ಹೊರಬದಿ ನೋಯುತ್ತದೆ, ಓಟ ಬಿಡಬೇಕಾ?

ನಡೆಯುವಾಗ ಏನೂ ಇಲ್ಲ, 4-5 ಕಿ.ಮೀ. ಓಡಿದ ಮೇಲೆ ಮಂಡಿಯ ಹೊರಬದಿಯಲ್ಲಿ ಚುಚ್ಚಿದ ಹಾಗೆ ನೋವು, ಇಳಿಜಾರಿನಲ್ಲಿ ಇನ್ನೂ ಜಾಸ್ತಿ, ಮಂಡಿ ಸವೆದಿದೆಯಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನ್ನದೂ ಇದೇ ಕಥೆ. ನಾನು ಡಾಕ್ಟರಲ್ಲ, ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುವವನು ಅಷ್ಟೇ. ಹೆದರಿ ಮೊದಲು ಕೊಂಡದ್ದು ನೀ ಕ್ಯಾಪ್. ಅದೀಗ ಬೀರುವಿನಲ್ಲಿದೆ.

ಫಿಸಿಯೊ ಮುಟ್ಟಿ ನೋಡಿ ಐಟಿ ಬ್ಯಾಂಡ್ ಅಂದರು. ಸೊಂಟದ ಪಕ್ಕದಿಂದ ತೊಡೆಯ ಹೊರಗುಂಟ ಇಳಿದು ಮಂಡಿಯ ಕೆಳಗೆ ಮೂಳೆಗೆ ಅಂಟುವ ಗಟ್ಟಿ ಪಟ್ಟಿ ಅದು. ಮಂಡಿ ಸುಮಾರು 30 ಡಿಗ್ರಿ ಬಾಗಿದಾಗ ಪಟ್ಟಿ ತೊಡೆಮೂಳೆಯ ಉಬ್ಬಿಗೆ ಒತ್ತುತ್ತದೆ. ಪಾದ ನೆಲಕ್ಕೆ ಬಿದ್ದ ತಕ್ಷಣ ಮಂಡಿ ಬಾಗುವುದೂ ಹೆಚ್ಚೂಕಮ್ಮಿ ಅಷ್ಟೇ! ನಿಮಿಷಕ್ಕೆ 160 ಹೆಜ್ಜೆ ಅಂದರೆ ಒಂದು ಕಾಲಿಗೆ 80. ಅರ್ಧ ಗಂಟೆಗೆ 2400 ಸಲ ಅದೇ ಜಾಗಕ್ಕೆ ಒತ್ತು.

ಆಮೇಲೆ ಒಂಟಿ ಕಾಲಲ್ಲಿ ನಿಂತು ಸ್ವಲ್ಪ ಕುಕ್ಕರಿಸಲು ಹೇಳಿದರು. ಸೊಂಟ ಒಂದು ಕಡೆ ಜಾರಿತು, ಮಂಡಿ ಒಳಕ್ಕೆ ವಾಲಿತು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಒಂಟಿ ಕಾಲಿನ ಮೇಲೇ ಇರುತ್ತೇವೆ ಅಲ್ವಾ? ಆಗ ಸೊಂಟ ಜಾರದಂತೆ ಹಿಡಿಯುವುದು ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯು. ಅದು ಸೋತರೆ ಪಟ್ಟಿಯ ಮೇಲೆ ಎಳೆತ ಹೆಚ್ಚುತ್ತದೆ. ಹಾಗಂತ "ನಿಮ್ಮ ಗ್ಲೂಟ್ಸ್ (ಪೃಷ್ಠದ ಸ್ನಾಯುಗಳು) ನಿದ್ದೆ ಮಾಡ್ತಿವೆ" ಅನ್ನುವ ವೀಡಿಯೊಗಳನ್ನು ನಂಬಬೇಡಿ. ನಿದ್ದೆ ಮಾಡಿದ್ದರೆ ನೀವು ನೆಟ್ಟಗೆ ನಡೆಯುತ್ತಲೂ ಇರಲಿಲ್ಲ. ಸ್ನಾಯು ಸೋತಿದ್ದಕ್ಕೆ ನೋವು ಬಂತೋ, ನೋವಿಗೆ ಸ್ನಾಯು ಸೋತಿತೋ ಅನ್ನುವುದರಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ.

ನನಗೆ ಹೆಚ್ಚು ಉಪಯೋಗವಾದದ್ದು ಹೆಜ್ಜೆ ಚಿಕ್ಕದು ಮಾಡಿದ್ದು. ವೇಗ ಅದೇ, ಹೆಜ್ಜೆಗಳ ಸಂಖ್ಯೆ ಮಾತ್ರ ನಿಮಿಷಕ್ಕೆ 160ರಿಂದ 168ಕ್ಕೆ. ಹೀಗೆ 5-10% ಹೆಚ್ಚಿಸಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಪಾದ ನೆಲ ಮುಟ್ಟುವ ಮುಂಚೆಯೇ ಸೊಂಟದ ಸ್ನಾಯುಗಳೂ ಹೆಚ್ಚು ಬಿಗಿಯಾಗುತ್ತವೆ. ಮೊದಲ ವಾರ ಕೋಳಿ ನಡೆದ ಹಾಗನ್ನಿಸಿತು, ಆಮೇಲೆ ರೂಢಿಯಾಯಿತು. ಜೊತೆಗೆ ಪಕ್ಕಕ್ಕೆ ಮಲಗಿ ಕಾಲೆತ್ತುವುದು, ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಅಡ್ಡ ನಡೆಯುವುದು. ಪಟ್ಟಿ ಸಡಿಲವಾಗಲಿ ಅಂತ ಫೋಮ್ ರೋಲರ್ (ಗಟ್ಟಿ ಸ್ಪಂಜಿನ ಉರುಳೆ) ಮೇಲೆ ಉರುಳಿ ಸುಮ್ನೆ ಕಿರುಚಿಕೊಂಡೆ. ಆ ಪಟ್ಟಿ ಅಷ್ಟಕ್ಕೆಲ್ಲ ಹಿಗ್ಗುವಂಥದ್ದಲ್ಲ.

ಮಂಡಿ ಊದಿದರೆ, ಮಡಚಿ ಸಿಕ್ಕಿಹಾಕಿಕೊಂಡರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಇದ್ಯಾವುದೂ ಬೇಡ, ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ವಿಷಯ. ಹಾಫ್ ಮ್ಯಾರಥಾನ್ ಹುಚ್ಚಿನಲ್ಲಿ ನಾನು ಮೂರೇ ವಾರದಲ್ಲಿ ವಾರಕ್ಕೆ 20 ಕಿ.ಮೀ.ನಿಂದ 38ಕ್ಕೆ ಹಾರಿದ್ದೆ. ಎಡವಟ್ಟು ಶುರುವಾದದ್ದೇ ಅಲ್ಲಿಂದ. ನೀವು ಎಷ್ಟರಿಂದ ಎಷ್ಟಕ್ಕೆ ಏರಿಸಿದಿರಿ? ಅದನ್ನು ಬರೆದಿಲ್ಲ.